ಇರುವೆ ಒಪ್ಪಿದ ನೆಲ

ಮಕ್ಕಳೇ, ನೀವು ಕೊರಲೆ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುವಾಗ ನಾನು ಏನೂ ಹೇಳುವುದಿಲ್ಲ. ಎದುರಿಗೆ ಕೂತು ಮಾತಾಡುವುದು ನನಗೆ ಮೊದಲಿಂದಲೂ ಬಾರದು. ನಿಮ್ಮ ತಾತ ಇದ್ದಾಗಲೂ ಬಾಗಿಲ ಮರೆಯಿಂದಲೇ ಉತ್ತರ ಕೊಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಜಗಳೂರು ಸೀಮೆಯ ಒಂದು ಹಟ್ಟಿಯಲ್ಲಿ. ನಾವು ಮ್ಯಾಸಬೇಡರು, ಕಾವಲಿನ ಹುಲ್ಲುಗಾಡಿನಲ್ಲಿ ದನ ಮೇಯಿಸಿಕೊಂಡು ಅದರ ಅಂಚಿನಲ್ಲಿ ಕೊರಲೆ ಬಿತ್ತಿಕೊಂಡು ಇದ್ದವರು. ಕೊರಲೆ ಸಾಮೆಯಂಥ ಕಿರುಧಾನ್ಯ, ನೋಡಲು ಹುಲ್ಲಿನ ಹಾಗೇ. ಎಳೆಬಿಸಿಲಿನಲ್ಲಿ ಅದರ ತೆನೆ ತೂಗುವಾಗ ನೆಲವೇ ಮೆಲ್ಲಗೆ ಉಸಿರಾಡಿದಂತೆ ಕಾಣುತ್ತಿತ್ತು. ದೊಡ್ಡ ಯುದ್ಧಕ್ಕೆ ಸ್ವಲ್ಪ ಮುಂಚೆ ಕಾವಲಿಗೆ ಬೇಲಿ ಬಿತ್ತು, ಹಟ್ಟಿ ಚದುರಿತು. ಅಪ್ಪ, ಅವ್ವ, ಅಜ್ಜಿ, ನಾನು ದನ ಹೊಡೆದುಕೊಂಡು ಪಡುವಣಕ್ಕೆ ಹೊರಟೆವು. ಅಜ್ಜಿಯ ತಲೆಯ ಮೇಲೆ ಒಂದು ಗಡಿಗೆ. ಅದರೊಳಗೆ ಬೂದಿ ಬೆರೆಸಿದ ಕೊರಲೆ ಬೀಜ. ನಮ್ಮಲ್ಲಿ ಅದು ಅತ್ತೆಯಿಂದ ಸೊಸೆಗೆ ಬರುವ ಸೊತ್ತು. ನಮ್ಮ ಪಾಲಿಗೆ ಉಳಿದಿದ್ದು ಅಷ್ಟೇ.

ಚನ್ನಗಿರಿ ಕಡೆ ನೆಲ ಕೇಳಿದರೆ, "ಹುಲ್ಲು ಬೆಳೆಯಾಕೆ ಯಾರು ಭೂಮಿ ಕೊಡ್ತಾರ್ರೀ?" ಎಂದು ನಕ್ಕರು. ಹೊನ್ನಾಳಿಯಲ್ಲಿ, ಭತ್ತ ಹಾಕುವುದಾದರೆ ಇರಿ ಎಂದರು. ಅಷ್ಟು ನೀರನ್ನು ನಾನು ನೋಡಿದ್ದೇ ಅಲ್ಲಿ. ಹೊಳೆಯ ಮೇಲೆ ಆಕಾಶ ಅಂಗಾತ ಮಲಗಿತ್ತು. ಅಜ್ಜಿ ಕೈಮುಗಿದು, "ನೀನು ಚೆಂದ ಇದೀಯ ತಾಯಿ. ನಮ್ಮ ಕಾಳಿಗೆ ನಿನ್ನ ಸಹವಾಸ ಆಗಾಕಿಲ್ಲ" ಎಂದಳು.

ಕೊನೆಗೆ ನ್ಯಾಮತಿ ಹತ್ತಿರ ಒಬ್ಬ ಗೌಡ್ತಿ ತನ್ನ ಕಲ್ಲುದಿಬ್ಬ ತೋರಿಸಿದಳು. "ಇಲ್ಲಿ ಕತ್ತೆನೂ ಮೇಯಲ್ಲ. ಈ ಮಳೆಗಾಲ ಏನಾರ ಬೆಳೆದು ತೋರಿಸ್ರಿ, ನೆಲ ನಿಮಗೇ ಐತೆ. ಇಲ್ದಿದ್ರೆ ನಾನು ಹುಣಸೆ ಹಾಕಸ್ತೀನಿ."

ಹೊಸ ನೆಲವನ್ನು ನಮ್ಮವರು ಸುಮ್ಮನೆ ಉಳುತ್ತಿರಲಿಲ್ಲ. ಅಜ್ಜಿ ಗಡಿಗೆಯಿಂದ ಒಂದು ಹಿಡಿ ಬೀಜ ತೆಗೆದು ಇರುವೆ ಗೂಡಿನ ಬಳಿ ಚೆಲ್ಲಿ ಕೂತಳು. ಇರುವೆ ಹೊತ್ತೊಯ್ದರೆ ನೆಲ ಒಪ್ಪಿತೆಂದು ಅರ್ಥ. ಬೇಸಿಗೆಯ ಆ ಮಧ್ಯಾಹ್ನ ದಿಬ್ಬದ ಮೇಲೆ ಗಾಳಿಯೂ ತೂಕಡಿಸುತ್ತಿತ್ತು. ಇರುವೆಗಳು ಒಂದೊಂದೇ ಕಾಳು ಎತ್ತಿಕೊಂಡು, ದಿಬ್ಬಣದ ಹಾಗೆ ಸಾಲಾಗಿ ಒಳಗೆ ಇಳಿದವು.

"ಇರೋ ಬೀಜನ ಇರುವೆಗೆ ತಿನ್ನಿಸ್ತೀಯಲ್ಲಜ್ಜಿ, ಅದಕ್ಕೂ ಗೇಣಿ ಕೊಡ್ತೀಯೇನು?" ಗೌಡ್ತಿ ಕೆಣಕಿದಳು.

"ಈ ನೆಲಕ್ಕೆ ಅದೇ ಮೊದಲ ಒಕ್ಕಲು ಕಣವ್ವ. ನಾವು ಆಮ್ಯಾಲೆ ಬಂದೋರು."

ಮಳೆ ಬರುವವರೆಗೆ ಗೌಡ್ತಿಯ ಹಿತ್ತಲ ಕೊಟ್ಟಿಗೆಯಲ್ಲಿ ಇದ್ದೆವು. ಹುಳ ಹಿಡಿಯದಿರಲೆಂದು ಬೀಜದ ಗಡಿಗೆಯನ್ನು ಒಲೆಯ ಹೊಗೆಗೆ ತೂಗುಹಾಕುವುದು ನಮ್ಮ ಪದ್ಧತಿ. ಅಜ್ಜಿ ಅಲ್ಲೂ ಹಾಗೇ ಮಾಡಿದಳು. ಆದರೆ ಅದು ಕುಚ್ಚಲಕ್ಕಿಗೆಂದು ಗೌಡ್ತಿಯ ಮನೆಯವರು ಭತ್ತ ಬೇಯಿಸುವ ಒಲೆ. ಕೊಟ್ಟಿಗೆ ತುಂಬ ಬಿಳಿ ಹಬೆ ಏಳುತ್ತಿತ್ತು; ಅವ್ವನ ಮುಖ ಅದರಲ್ಲಿ ಮೂಡುವುದೂ ಮುಳುಗುವುದೂ ನನಗೆ ಆಟದಂತಿತ್ತು. ಒಣ ಸೀಮೆಯಿಂದ ಬಂದ ನಮಗೆ ಹೊಗೆ ಗೊತ್ತಿತ್ತು, ಹಬೆ ಗೊತ್ತಿರಲಿಲ್ಲ.

ಮಳೆ ಬಿತ್ತು. ಬಿತ್ತಿದೆವು. ಸುತ್ತಲಿನ ಹೊಲಗಳೆಲ್ಲ ಹಸಿರಾದವು, ನಮ್ಮ ದಿಬ್ಬ ಮಾತ್ರ ಕೆಂಪಗೇ ಉಳಿಯಿತು. ಅಜ್ಜಿ ಮಣ್ಣು ಕೆದಕಿ ಕಾಳೊಂದನ್ನು ಉಗುರಿನಿಂದ ಒತ್ತಿದಳು. ಒಳಗೆ ಕೊಳೆತಿತ್ತು. ಮೂಸಿ ನೋಡಿ, "ಬೆಂದೈತೆ" ಎಂದಳು. ಆ ದಿನ ಉಣ್ಣಲಿಲ್ಲ. ಗೌಡ್ತಿಯೂ ನಗಲಿಲ್ಲ. "ಹುರುಳಿ ಕೊಡ್ತೀನಿ, ಅದನ್ನಾರ ಚೆಲ್ರಿ" ಎಂದಳು. ಅಪ್ಪ ಮತ್ತೆ ನೇಗಿಲು ಹೂಡಿದ.

ನಾನು ಬುತ್ತಿ ಹೊತ್ತು ಹೋದಾಗ ಎತ್ತುಗಳು ಇರುವೆ ಗೂಡಿನತ್ತ ಬರುತ್ತಿದ್ದವು. ಗೂಡಿನ ಬಾಯಿ ಸುತ್ತ, ಮಗುವಿನ ತಲೆಗೂದಲಿನಂತೆ, ಮೆತ್ತಗೆ ಹಸಿರು ಎದ್ದಿತ್ತು. ಅಪ್ಪನಿಗೆ ಕೂಗಿ ಹೇಳಲು ನಾಲಿಗೆ ಏಳಲಿಲ್ಲ. ಬುತ್ತಿ ಇಳಿಸಿ, ಹೋಗಿ ಗೂಡಿನ ಮುಂದೆ ಕೂತುಬಿಟ್ಟೆ.

"ಏಯ್, ಏಳೇ! ನೇಗಿಲಿಗೆ ಸಿಗಾಕೆ ಕುಂತಿಯೇನು?"

ನಾನು ಏಳಲಿಲ್ಲ. ಅಪ್ಪ ಎತ್ತು ನಿಲ್ಲಿಸಿ ಬಂದು, ಬಗ್ಗಿ ನೋಡಿ, ಅಲ್ಲೇ ಕುಕ್ಕರಿಸಿದ. "ಅವ್ವಾ, ಬಾರಬೇ ಇಲ್ಲಿ!" ಎಂದು ಅವನು ಅಜ್ಜಿಯನ್ನು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಬೆ ತಾಗುವ ಮುಂಚೆಯೇ ಇರುವೆ ಒಯ್ದಿದ್ದ ಕಾಳುಗಳು ಅವು.

ತೆನೆ ಬಲಿಯುವವರೆಗೆ ಅಜ್ಜಿ ಅಲ್ಲೇ ಕೂತು ಸೆರಗು ಬೀಸಿ ಹಕ್ಕಿ ಓಡಿಸಿದಳು. ಗೌಡ್ತಿ ಬಂದು, "ಯಾರ ಕಾವಲಜ್ಜಿ?" ಎಂದರೆ, "ಒಕ್ಕಲುಗಾರ್ರದ್ದು" ಎನ್ನುವಳು.

"ಆತು ಬಿಡು, ಹುಣಸೆ ಬ್ಯಾರೆ ಕಡೆ ಹಾಕ್ಕಂತೀನಿ."

ಆ ವರ್ಷ ನಾವು ಒಂದು ಕಾಳೂ ಬೇಯಿಸಲಿಲ್ಲ. ಮೊದಲ ಚಿಟಿಕೆ ಗೂಡಿನ ಬಾಯಿಗೆ ಹೋಯಿತು, ಉಳಿದದ್ದು ಬೂದಿಯ ಜೊತೆ ಗಡಿಗೆಗೆ. ನನ್ನ ಮದುವೆಯಲ್ಲಿ ಅಜ್ಜಿ ಸೊಸೆಯ ಪಾಲಿನಿಂದ ಒಂದು ಹಿಡಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಮಗಳ ಮನೆಗೆ ಬೀಜ ಹೋದದ್ದು ನಮ್ಮಲ್ಲಿ ಅದೇ ಮೊದಲು. ನಿಮ್ಮ ತಟ್ಟೆಯ ಅಂಚಿನಲ್ಲಿ ಇರುವುದು ಆ ಹಿಡಿಯದೇ ಸಂತತಿ. ಬೇಡವಾದರೆ ಬಿಡಿ, ಮೋರಿಗೆ ಮಾತ್ರ ಹಾಕಬೇಡಿ, ಹಿತ್ತಲಲ್ಲಿ ಇರುವೆಗಳಿವೆ.