ಊಟದ ಮೇಜಿನ ಮೇಲಿನ ಟ್ಯಾಂಕ್

ಮುಂಬೈ ಹತ್ತಿರದ ದಿವಾ ಸ್ಟೇಷನ್ನಿನಲ್ಲಿ ನನ್ನನ್ನು ರೈಲಿನಿಂದ ಹೊರಗೆ ದಬ್ಬಿದ ಹೆಂಗಸಿನ ಮುಖ ನೆನಪಿಲ್ಲ. ಅವಳ ಮುಷ್ಟಿಯಲ್ಲಿ ನನ್ನ ಜಡೆ ಇತ್ತು, ಅಷ್ಟು ಗೊತ್ತು. ಐರೋಲಿಯ ಆಫೀಸಿನಿಂದ ಠಾಣೆಗೆ ಬಂದು, ಅಲ್ಲಿ ಕಲ್ಯಾಣ್ ಸ್ಲೋ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಹೋಗುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ದಿವಾದಲ್ಲಿ ಇಳಿಯುವವರಿಗೂ ಬಾಗಿಲು ಬಿಡದವರಿಗೂ ಬೈಗುಳ ದಿನಾ ಇದ್ದದ್ದೇ. ಅವತ್ತು ಬೈಗುಳ ಹೋಗಿ ಕೈಕೈಗೆ ಬಂತು. ಯಾರೋ ನನ್ನ ಕೆನ್ನೆಯನ್ನು ಉಗುರಿನಿಂದ ಗೀರಿದರು. ಯಾರೋ ಸ್ಟೀಲ್ ಡಬ್ಬಿಯಿಂದ ಪಕ್ಕದವಳ ಹಣೆಗೆ ಬಾರಿಸಿದರು. ನಡುವೆ ಸಿಕ್ಕಿದ ನಾನು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದೆ. ಎಡಗಾಲಿನ ಮೂಳೆ ಲಟ್ಟೆಂದದ್ದು ಅಷ್ಟು ಗಲಾಟೆಯಲ್ಲೂ ನನಗೆ ಕೇಳಿಸಿತು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತೆ. ನೋಡಲು ಬಂದ ಆಫೀಸಿನ ಗೆಳತಿ, ತನ್ನ ಅಣ್ಣ ಸಿಂಗಾಪುರದಿಂದ ತಂದು ಮುಟ್ಟದೇ ಬಿಟ್ಟಿದ್ದ ಒಂದು ಡಬ್ಬ ಕೊಟ್ಟಳು. "ಟೈಮ್‌ಪಾಸ್ ಆಗುತ್ತೆ ಕಣೆ, ಇಟ್ಕೋ." ಒಳಗೆ ಹಳೆಯ ಮಹಾಯುದ್ಧದ ಒಂದು ಟ್ಯಾಂಕಿನ ಪುಟ್ಟ ಮಾದರಿ, ಚೂರುಚೂರಾಗಿ. ಬೂದು ಪ್ಲಾಸ್ಟಿಕ್ ಚೌಕಟ್ಟುಗಳ ತುಂಬ ನೂರಾರು ಭಾಗಗಳು. ಕೆಲವು ಸಾಸಿವೆಗಿಂತ ಸಣ್ಣವು. ಜೊತೆಗೆ ಕಾಗದದಷ್ಟು ತೆಳುವಾದ ಒಂದು ಹಿತ್ತಾಳೆ ಹಾಳೆ. ಅದರಿಂದ ಕೊಂಡಿ, ಜಾಲರಿಗಳನ್ನು ಕತ್ತರಿಸಿ ಮಡಚಿ ಅಂಟಿಸಬೇಕು.

ಉಗುರು ಕಟರಿನಿಂದ ಭಾಗಗಳನ್ನು ಬಿಡಿಸಿದೆ, ಹುಬ್ಬಿನ ಚಿಮಟದಲ್ಲಿ ಹಿಡಿದೆ. ಮೊದಲ ಚಕ್ರ ಅಂಟಿದಾಗ ಕಾಲಿನ ನೋವು ಮರೆತಿತ್ತು. ಮತ್ತೆ ಬಿಡಲಾಗಲಿಲ್ಲ.

ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವನು ಉಡುಪಿ ಕಡೆಯವನು, ನಾನು ಮೈಸೂರಿನವಳು. ಮೆಚ್ಚಿ ಮದುವೆಯಾದವರು. ಮದುವೆಯಾದ ಮರುವರ್ಷದಿಂದ ಅವನು ಹೊಡೆಯತೊಡಗಿದ್ದ. ಮೊದಲು ಕೆನ್ನೆಗೆ, ಆಮೇಲೆ ಎಲ್ಲೆಂದರಲ್ಲಿ. ಸಾರು ತಣ್ಣಗಿದ್ದರೆ, ಫೋನು ಎತ್ತುವುದು ತಡವಾದರೆ, ಕಾರಣವೇ ಇಲ್ಲದಿದ್ದರೆ. ಕಾಲು ಮುರಿದ ಮೇಲೆ ಆ ಕಾಲನ್ನೊಂದು ಬಿಟ್ಟಿದ್ದ.

ಅತ್ತೆ ನಮ್ಮ ಜೊತೆಯಲ್ಲೇ ಇದ್ದರು. ವಿಧವೆ, ಮಾತು ಕಡಿಮೆ. ಮಗ ಕೈ ಎತ್ತಿದ ಕೂಡಲೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದರು. ಅವರ ಮೇಲೆ ನನಗೆ ಗಂಡನಿಗಿಂತ ಹೆಚ್ಚು ಸಿಟ್ಟಿತ್ತು.

ಒಂದು ದಿನ ಹಿತ್ತಾಳೆಯ ಕೊಂಡಿಯೊಂದು ನನ್ನ ಚಿಮಟದಿಂದ ಮೂರನೇ ಸಲ ಹಾರಿ ಬಿತ್ತು. ಅತ್ತೆ ಬಗ್ಗಿ ನೆಲದ ಮೇಲೆ ಅಂಗೈ ಆಡಿಸಿ ಅದನ್ನು ಹೆಕ್ಕಿದರು.

"ಇದನ್ನು ಎಂತ ಮಾಡುವುದು?"

"ಎರಡು ಕಡೆ ಮಡಚಬೇಕು ಅತ್ತೆ. ನನಗೆ ಆಗ್ತಿಲ್ಲ."

ಅವರು ಎರಡು ಉಗುರುಗಳ ನಡುವೆ ಒತ್ತಿ ಮಡಚಿ ಕೊಟ್ಟರು. ಮದುವೆಗೆ ಮೊದಲೂ ಆಮೇಲೂ ಬೀಡಿ ಕಟ್ಟಿದ ಬೆರಳುಗಳು. ಅವತ್ತಿನಿಂದ ಮಧ್ಯಾಹ್ನ ನಾವಿಬ್ಬರೂ ಮೇಜಿಗೆ ಕೂರುತ್ತಿದ್ದೆವು. ಚಕ್ರಗಳನ್ನು ಸುತ್ತುವ ಪಟ್ಟಿಯ ಒಂದೊಂದು ಕೊಂಡಿಯನ್ನೂ ಅವರು ಪಾಲಿಶ್ ಪೇಪರಿನಲ್ಲಿ ಉಜ್ಜಿ ಕೊಡುವರು, ನಾನು ಜೋಡಿಸುವೆ. ಹಾಗೆ ಕೂತಾಗಲೇ ಒಮ್ಮೆ ಅವರು ತಲೆ ಎತ್ತದೆ ಹೇಳಿದರು: "ಇವನ ಅಪ್ಪ ನನ್ನ ಹೊಟ್ಟೆಗೆ ಒದ್ದದ್ದು. ಒಳಗಿದ್ದ ಮಗು ಹೋಯಿತು." ಅವರು ಇನ್ನೊಂದು ಕೊಂಡಿ ಎತ್ತಿಕೊಂಡರು.

ಪ್ಲಾಸ್ಟರ್ ಬಿಚ್ಚಿ, ನಾನು ಇನ್ನೂ ಕುಂಟುತ್ತಿದ್ದಾಗ ಟ್ಯಾಂಕು ಮುಗಿಯುತ್ತ ಬಂತು. ಉಳಿದದ್ದು ಬಣ್ಣ ಮಾತ್ರ. ಅವತ್ತು ಮಧ್ಯಾಹ್ನ ಗಂಡ ಹೊತ್ತಲ್ಲದ ಹೊತ್ತಿಗೆ ಮನೆಗೆ ಬಂದ. ಹೋಟೆಲಿನಲ್ಲಿ ಗಿರಾಕಿಗಳ ಎದುರೇ ಮಾಲೀಕ ಶೇಠ್ ಅವನಿಗೆ ಬೈದಿದ್ದನಂತೆ. ಕುಡಿದೂ ಇದ್ದ. ಮೇಜಿನ ತುಂಬ ಅಂಟು, ಪೇಪರು, ಚೂರುಗಳು. ತಟ್ಟೆ ಇಡಲು ಜಾಗವಿರಲಿಲ್ಲ.

"ಮನೆಗೆ ಬಂದ್ರೆ ಅನ್ನ ಇಲ್ಲ, ಆಟ ಆಡ್ತಾ ಕೂತಿದ್ದೀರಾ ಇಬ್ಬರೂ?"

"ಎರಡು ನಿಮಿಷ, ತೆಗೀತೀನಿ," ಅಂದೆ.

ಅವನು ಟ್ಯಾಂಕನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ತೋಪಿನ ಗೋಪುರ ಕಿತ್ತು ಸೋಫಾದ ಕೆಳಗೆ ಹೋಯಿತು, ನಳಿಕೆ ಮುರಿದು ಅಲ್ಲೇ ಉಳಿಯಿತು. ಸಾಲದೆ ಬರಿಗಾಲಿನಲ್ಲಿ ಟ್ಯಾಂಕನ್ನು ತುಳಿದ. ಮುರಿದ ನಳಿಕೆ ಅಂಗಾಲಿಗೆ ನಟ್ಟಿತು. ಚೀರಿದ. ಬಿಳಿ ಟೈಲ್ಸಿನ ಮೇಲೆ ರಕ್ತ ಹರಡಿತು. ಆ ನೋವಿಗೂ ನಾನೇ ಹೊಣೆ. ನನ್ನ ಕೂದಲು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಜಜ್ಜಿದ. ತುಟಿ ಸೀಳಿತು, ಬಾಯಿ ಉಪ್ಪಾಯಿತು. ಆಮೇಲೆ ನನ್ನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು, "ಈ ಕೈಯಲ್ಲೇ ಅಲ್ವಾ ಅಂಟಿಸೋದು?" ಎನ್ನುತ್ತ ತೋರುಬೆರಳನ್ನು ಹಿಂದಕ್ಕೆ ಬಗ್ಗಿಸತೊಡಗಿದ.

ಅತ್ತೆ ಎಂದಿನಂತೆ ಅಡುಗೆಮನೆಗೆ ಹೋಗಿದ್ದರು, ಆದರೆ ನಲ್ಲಿಯ ಸದ್ದು ಕೇಳಲಿಲ್ಲ.

"ಬುಡ್ಲಾ," ಅಂದರು ಅತ್ತೆ. ತುಳುವಿನಲ್ಲಿ, ಬಿಡೋ ಅಂತ. ದೋಸೆ ಕಾವಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮನಿಪಂದೆ ಕುಲ್ಲು," ಬಾಯಿ ಮುಚ್ಚಿ ಕೂತಿರು ಎಂದ ಅವನು ತಾಯಿಗೆ, ತಿರುಗಿ ಕೂಡ ನೋಡದೆ. ನನ್ನ ಬೆರಳು ಮುರಿಯಿತು. ಅದೇ ಕ್ಷಣಕ್ಕೆ ಕಬ್ಬಿಣದ ಕಾವಲಿ ಅವನ ಮುಂಗೈಯ ಮೇಲೆ ಬಿತ್ತು. ಅವನು ಕೈ ಬಿಟ್ಟು ಕುಸಿದ. ಅತ್ತೆ ನಿಲ್ಲಿಸಲಿಲ್ಲ. ಭುಜಕ್ಕೆ, ಬೆನ್ನಿಗೆ, ಮತ್ತೆ ಅದೇ ಕೈಗೆ ಹೊಡೆದರು. ಬಟ್ಟೆ ಒಗೆಯುವವರ ಹಾಗೆ ಉಸಿರು ಬಿಡುತ್ತಿದ್ದರು, ಅಷ್ಟೇ. ಅವನು "ಅಮ್ಮಾ, ಅಮ್ಮಾ" ಎಂದು ಮೇಜಿನ ಕೆಳಗೆ ನುಸುಳಿದ. ನಾನು ಅವರ ಸೊಂಟ ತಬ್ಬಿ ಹಿಂದಕ್ಕೆ ಎಳೆಯದಿದ್ದರೆ ತಲೆಗೂ ಬೀಳುತ್ತಿತ್ತು.

ಪಕ್ಕದ ಮನೆಯ ಮರಾಠಿ ಹೆಂಗಸೊಬ್ಬರು ನಮ್ಮನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಗೆ ಬಂದ ಪೊಲೀಸ್ ಹವಾಲ್ದಾರ ನನ್ನ ತುಟಿ, ಬೆರಳು ನೋಡಿ, ಗಂಡಹೆಂಡಿರ ಜಗಳ, ಮನೆಯಲ್ಲೇ ಮುಗಿಸಿಕೊಳ್ಳಿ ಎಂದ. ಅಲ್ಲೇ ಪಟ್ಟಿ ಹಾಕಿಸಿಕೊಳ್ಳುತ್ತಿದ್ದ ಗಂಡನ ಕೈ ಮುರಿದವರು ಯಾರು ಎಂದು ಮಾತ್ರ ಗಟ್ಟಿಯಾಗಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. ಇಷ್ಟು ವರ್ಷ ತರಕಾರಿಯವನ ಹತ್ತಿರ ಮಾತ್ರ ಬಳಸಿದ ಹಿಂದಿಯಲ್ಲಿ ಹೇಳಿದರು: "ಮೈನೇ ತೋಡಾ. ಮೇರಾ ಬೇಟಾ ಹೈ. ಫಿರ್ ಮಾರೇಗಾ ತೋ ಫಿರ್ ತೋಡೇಗಾ." ನಾನೇ ಮುರಿದದ್ದು, ನನ್ನ ಮಗ, ಮತ್ತೆ ಹೊಡೆದರೆ ಮತ್ತೆ ಮುರಿಯುತ್ತೇನೆ ಅಂತ. ಹವಾಲ್ದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. ದೂರು ಬರೆಸಿಕೊಂಡ.

ಗಂಡ ಕಲ್ಯಾಣ್‌ನಲ್ಲಿ ಗೆಳೆಯನ ಮನೆ ಸೇರಿದ. ಅತ್ತೆ ನನ್ನ ಜೊತೆಯಲ್ಲೇ ಉಳಿದರು. ಟ್ಯಾಂಕಿನ ಚೂರುಗಳನ್ನು ನಾನೇ ಗುಡಿಸಿ ಕಸಕ್ಕೆ ಹಾಕಿದೆ. ಬೆರಳು ಸೊಟ್ಟಗೇ ಕೂಡಿಕೊಂಡಿತು. ಚಿಮಟ ಹಿಡಿಯಲು ಇವತ್ತಿಗೂ ನಡು ಬೆರಳೇ ಗತಿ. ಮರುವರ್ಷ ಮಳೆಗಾಲಕ್ಕೆ ಬೇರೊಂದು ಟ್ಯಾಂಕು ತರಿಸಿದೆ. ಅತ್ತೆ ಮಡಚಿದರು, ನಾನು ಅಂಟಿಸಿದೆ.

ವಿಚ್ಛೇದನದ ಕೇಸು ನಡೆಯುತ್ತಿದ್ದಾಗ ಒಂದು ಭಾನುವಾರ ಅವನು ಇಬ್ಬರು ಗೆಳೆಯರೊಂದಿಗೆ ಬಂದ. ತಾಯಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅತ್ತೆ ಬಾಗಿಲಿಗೆ ಅಡ್ಡ ನಿಂತು "ಬರುವುದಿಲ್ಲ" ಎಂದರು. ಅವನು ತೋಳು ಹಿಡಿದು ಎಳೆದ. ಅವರು ಹೊಸ್ತಿಲ ಮೇಲೆ ಮುಗ್ಗರಿಸಿದರು. ನನ್ನ ಕೂಗಿಗೆ ನಮ್ಮ ಕಟ್ಟಡದ ಸೊಸೈಟಿಯ ಗಂಡಸರು ಮೆಟ್ಟಿಲು ಹತ್ತಿ ಬಂದರು. ಗೆಳೆಯರು ಓಡಿದರು. ಅವನು ಸಿಕ್ಕಿಬಿದ್ದ. ಮೂರು ಮಹಡಿಯಷ್ಟು ಮೆಟ್ಟಿಲುಗಳ ಉದ್ದಕ್ಕೂ ಅವನನ್ನು ಹೊಡೆಯುತ್ತ, ಒದೆಯುತ್ತ ಇಳಿಸಿದರು. ಅಂಗಿ ಹರಿಯಿತು, ಮೂಗಿನಿಂದ ರಕ್ತ ಬಂತು. ನಾನು ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ ನೋಡುತ್ತ ನಿಂತಿದ್ದೆ. ಸಾಕು ಎನ್ನಲು ನನಗೆ ಮನಸ್ಸಾಗಲಿಲ್ಲ.

ಒಳಗೆ ಬಂದಾಗ ಅತ್ತೆ ತರಚಿದ ಮೊಣಕೈಗೆ ಅರಿಸಿನ ಒತ್ತಿಕೊಂಡು ನೆಲದ ಮೇಲೆ ಕೂತಿದ್ದರು.

"ಅವನಿಗೆ ತುಂಬ ಹೊಡೆದರಾ?"

"ಹೌದು ಅತ್ತೆ."

"ತಲೆಗೆ?"

"ಇಲ್ಲ."

ಅವರು ಸೆರಗು ಬಾಯಿಗೆ ತುರುಕಿಕೊಂಡು ಬಹಳ ಹೊತ್ತು ಅತ್ತರು. ನಾನು ಪಕ್ಕದಲ್ಲಿ ಕೂತೆ. ಆಮೇಲೆ ಅತ್ತೆ ಎದ್ದು, ಮುಖ ತೊಳೆದು, ಬಂಗುಡೆ ಮೀನು ತರಲು ನನ್ನನ್ನು ಪೇಟೆಗೆ ಕಳಿಸಿದರು.