ಸುಬ್ಬಣ್ಣನವರ ಲಿನಕ್ಸ್, ಓಂಕಾರಮೂರ್ತಿಗಳ ವಿಂಡೋಸ್

ಕೊಡೆ, ಕಂಬಳಿ, ಗಮ್‌ಬೂಟು ಮಾರುವ ಅಂಗಡಿಯಲ್ಲಿ ಕಂಪ್ಯೂಟರಿಗೇನು ಕೆಲಸ ಎಂದು ಕೇಳಿದವರಿಗೆಲ್ಲ ಬಣಕಲ್ ಪೇಟೆಯ ಓಂಕಾರಮೂರ್ತಿಗಳು ಒಂದೇ ಉತ್ತರ ಕೊಡುತ್ತಿದ್ದರು: "ಮಳೆಗಾಲದಲ್ಲಿ ಕೊಡೆ, ಬೇಸಿಗೇಲಿ ಲಗ್ನಪತ್ರಿಕೆ." ಮಾತು ಸುಳ್ಳಲ್ಲ. ಮೇ ತಿಂಗಳ ಕೊನೆಗೆ ಕೊಡೆಯ ವ್ಯಾಪಾರ ಶುರುವಾದರೆ ಗಣೇಶನ ಹಬ್ಬದ ತನಕ ಅವರಿಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಆಮೇಲೆ ನೊಣ ಹೊಡೆಯುವ ಕೆಲಸ. ಆ ನೊಣ ಹೊಡೆಯುವ ತಿಂಗಳುಗಳಿಗೆಂದೇ ತೊಂಬತ್ತೊಂಬತ್ತರಲ್ಲಿ ಚಿಕ್ಕಮಗಳೂರಿನಿಂದ ಕಂಪ್ಯೂಟರು, ಪ್ರಿಂಟರು ತಂದು, ಗಮ್‌ಬೂಟಿನ ರಾಶಿಯನ್ನು ಪಕ್ಕಕ್ಕೆ ಸರಿಸಿ ಮೂಲೆಯಲ್ಲಿ ಕೂರಿಸಿದ್ದರು.

ಯಾರೂ ಕಲಿಸಲಿಲ್ಲ, ತಾವೇ ಕಲಿತರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು, ಗಲ್ಲಾಪೆಟ್ಟಿಗೆಗೆ ಒಂದು ಊದುಕಡ್ಡಿ, ಕಂಪ್ಯೂಟರಿಗೆ ಒಂದು ಊದುಕಡ್ಡಿ ಬೆಳಗಿ ಸ್ವಿಚ್ಚು ಒತ್ತುವರು. ವಿಂಡೋಸ್ ಶುರುವಾಗುವಾಗ ಬರುವ ಆ ಸಣ್ಣ ಸಂಗೀತ ಕೇಳಿಸಿದರೆ ದಿನ ಚೆನ್ನಾಗಿ ಹೋಯಿತೆಂದೇ ಲೆಕ್ಕ. ಅವರ ವಿದ್ಯೆಯ ಗುಟ್ಟು ಇಷ್ಟೇ: ಗೊತ್ತಿಲ್ಲದ್ದನ್ನು ಮುಟ್ಟುವುದಿಲ್ಲ. ಪರದೆಯ ಮೇಲೆ ಪರಿಚಯವಿಲ್ಲದ ಪ್ರಶ್ನೆ ಬಂದರೆ ಬೇಡ ಎಂದು ಒತ್ತಿ ಕೈ ಹಿಂದಕ್ಕೆಳೆದುಕೊಳ್ಳುವರು. ಹೆಂಡತಿ ವಿಶಾಲಾಕ್ಷಮ್ಮ ನಗುತ್ತಿದ್ದರು: "ಹಾವಿನ ಬುಟ್ಟಿ ಮುಂದೆ ಕೂತಂಗೆ ಕೂತಿರ್ತೀರಲ್ರೀ!"

ದೇವರಮನೆ ಬೆಟ್ಟದ ಕಡೆಯ ಕಾಫಿ ಬೆಳೆಗಾರ ಸುಬ್ಬಣ್ಣಗೌಡರದು ಇದಕ್ಕೆ ತದ್ವಿರುದ್ಧ ಸ್ವಭಾವ. ಜಗತ್ತಿನಲ್ಲಿ ಬಿಚ್ಚಬಾರದ ವಸ್ತು ಎಂಬುದೊಂದಿದೆ ಎಂದು ಆ ಮನುಷ್ಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜೀಪು, ಹಣ್ಣು ಸುಲಿಯುವ ಪಲ್ಪರು, ಮಾವನ ಮನೆಯಿಂದ ಬಂದ ರೇಡಿಯೋ, ಎಲ್ಲವನ್ನೂ ಬಿಚ್ಚಿ ಹರವಿದವರೇ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು, ಅದು ಬೇರೆ ಮಾತು. ಅವರೂ ಒಂದು ಕಂಪ್ಯೂಟರು ಕೊಂಡರು. ಕೊಂಡ ವರ್ಷವೇ ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಅದಕ್ಕೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಬಣಕಲ್ಲಿಗೆ ಬಂದು ಸಾರಿದರು.

ಸಂತೆಯ ದಿನ ಎಸ್ಟೇಟಿನ ಕೂಲಿಯಾಳುಗಳ ಲೈನುಮನೆಗಳಿಗೆ ಅಕ್ಕಿ ಬೇಳೆ ಒಯ್ಯಲು ಅವರು ಜೀಪಿನಲ್ಲಿ ಬರುವುದು ರೂಢಿ. ಅಂದಿನಿಂದ ಜೀಪು ಮೊದಲು ನಿಲ್ಲುತ್ತಿದ್ದದ್ದು ಕೊಡೆ ಅಂಗಡಿಯ ಮುಂದೆ. ಟೋಪಿ ತೆಗೆದು ಸ್ಟೂಲೆಳೆದು ಕೂತರೆ ಕಾಳಗ ಶುರು.

"ಮೂರ್ತಿಗಳೇ, ನಿಮ್ಮ ವಿಂಡೋಸು ಮೊಳೆ ಹೊಡೆದ ಪೆಟ್ಟಿಗೆ ಮಾರಾಯ್ರೆ. ಒಳಗೆ ಎಂತ ಇದೆ ಅಂತ ನೋಡೋಹಂಗಿಲ್ಲ. ನಮ್ಮದು ನೋಡಿ, ಒಳ್ಳೆ ಮೆಣಸಿನ ಬಳ್ಳಿ ಇದ್ರೆ ಪಕ್ಕದ ತೋಟದವನಿಗೂ ಒಂದು ತುಂಡು ಕೊಡಲ್ವ? ಹಂಗೆ."

"ಒಳಗೆ ನೋಡಿ ನಿಮಗೇನು ಅರ್ಥ ಆಗುತ್ತೆ ಗೌಡ್ರೇ?"

"ಅರ್ಥ ಆಗಲ್ಲ. ಆದ್ರೂ ನೋಡ್ಬಹುದಲ್ಲ!"

"ಪುಕ್ಕಟೆ ಬಂದದ್ದು ಕೆಟ್ಟರೆ ಯಾರನ್ನ ಕೇಳ್ತೀರಿ? ಬಿಲ್ ಇಲ್ಲದ ವ್ಯಾಪಾರ ನನಗೆ ಒಗ್ಗಲ್ಲ."

"ಓಹೋ. ನಿಮ್ಮ ವಿಂಡೋಸಿನ ಬಿಲ್ ತೋರಿಸಿ ಹಾಗಾದ್ರೆ."

ಇಲ್ಲಿ ಓಂಕಾರಮೂರ್ತಿಗಳು ಒಂದು ಕೊಡೆ ಬಿಚ್ಚಿ, ಅದರಲ್ಲಿ ಇಲ್ಲದ ತೂತು ಹುಡುಕತೊಡಗುವರು. ಪೇಟೆಯ ಅರ್ಧ ಕಂಪ್ಯೂಟರುಗಳಿಗೆ ಬಂದ ಹಾಗೆಯೇ ಅವರದಕ್ಕೂ ವಿಂಡೋಸ್ ನಕಲು ಸಿಡಿಯಾಗಿ ಯಾರದೋ ಜೇಬಿನಲ್ಲಿ ಬಂದಿತ್ತು. ಪಕ್ಕದ ಅಂಗಡಿಯ ಟೈಲರ್ ಮಂಜಯ್ಯ ಮಾತ್ರ ಮೂರ್ತಿಗಳ ಪಕ್ಷ ಬಿಟ್ಟು ಕದಲಲಿಲ್ಲ. ಅವನು ಜನ್ಮದಲ್ಲಿ ಕಂಪ್ಯೂಟರು ಮುಟ್ಟಿದವನಲ್ಲ. ಪಕ್ಷಕ್ಕೆ ಅದೆಲ್ಲ ಬೇಕೇ?

ಒಬ್ಬರ ವಾದಕ್ಕೂ ಇನ್ನೊಬ್ಬರು ತಲೆಯಾಡಿಸಲಿಲ್ಲ. ಹೀಗೆಯೇ ವರ್ಷಗಳು ಕಳೆದವು. ಸಂತೆಯ ಹಿಂದಿನ ದಿನ ಓಂಕಾರಮೂರ್ತಿಗಳು ಉತ್ತರಗಳನ್ನು ಮನಸ್ಸಿನಲ್ಲೇ ಹೊಸೆಯುತ್ತ, ಸ್ನಾನದ ಮನೆಯಲ್ಲಿ ಜೋರಾಗಿ ಹೇಳಿ ನೋಡುತ್ತಿದ್ದರು. ವಿಶಾಲಾಕ್ಷಮ್ಮನಿಗೆ ಆ ವಾದವೆಲ್ಲ ಬಾಯಿಪಾಠವಾಗಿತ್ತು.

ಆ ಕಡೆ ಮಳೆಗಾಲ ಬಂದರೆ ಪುಸ್ತಕ, ಚಪ್ಪಲಿ, ಉಪ್ಪಿನಕಾಯಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕಂಪ್ಯೂಟರಿಗೂ ಹಿಡಿಯುತ್ತದೆ. ಓಂಕಾರಮೂರ್ತಿಗಳು ತಮ್ಮದನ್ನು ಬೀರುವಿನಲ್ಲಿಟ್ಟು ಪಕ್ಕದಲ್ಲಿ ಹಗಲು ರಾತ್ರಿ ಒಂದು ಬಲ್ಬು ಉರಿಸುತ್ತಿದ್ದರು. ಸುಬ್ಬಣ್ಣನವರು ಅದನ್ನೂ ಗೇಲಿ ಮಾಡಿದರು. ಅವರ ಮನೆಯಲ್ಲಿ ಬಿತ್ತನೆಬೀಜ, ಒಣಮೀನು, ಕಂಬಳಿ ಎಲ್ಲವನ್ನೂ ಅಜ್ಜನ ಕಾಲದಿಂದ ಕಾದದ್ದು ಅಡುಗೆಮನೆಯ ಒಲೆಯ ಮೇಲಿನ ಅಟ್ಟ. ಕಂಪ್ಯೂಟರೇನು ಅದಕ್ಕಿಂತ ದೊಡ್ಡದೇ? ಕರೆಂಟು ಹೋಗಿ ವಾರಗಟ್ಟಲೆ ಬಾರದಿದ್ದ ಒಂದು ಆಷಾಢದಲ್ಲಿ ಕಂಪ್ಯೂಟರಿನ ಡಬ್ಬಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಕೆಳಗೆ ಒಲೆ ಉರಿಯಿತು, ಮೇಲೆ ಹೊಗೆ ಹೋಯಿತು. ಮಳೆ ಹೊಳವಾದ ಮೇಲೆ ಇಳಿಸಿ ಬಿಚ್ಚಿದರೆ ಒಳಗೆಲ್ಲ ಕಾಡಿಗೆ. ಡಿಸ್ಕು ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಆ ಸಲ ಜೋಡಿಸುವುದಕ್ಕೇ ಏನೂ ಉಳಿದಿರಲಿಲ್ಲ.

ಮಂಗಳೂರಿನಲ್ಲಿ ಓದುತ್ತಿದ್ದ ಸುಬ್ಬಣ್ಣನವರ ಮಗಳು ರೂಪಶ್ರೀ ರಜೆಗೆ ಬರುವಾಗ ಹೊಸ ಕಂಪ್ಯೂಟರನ್ನೇ ತಂದಳು. ಅದರಲ್ಲಿ ಮಾರಿದ ಅಂಗಡಿಯವರೇ ವಿಂಡೋಸ್ ಹಾಕಿಕೊಟ್ಟಿದ್ದರು. ಅವಳ ತಾಯಿ ರಂಗಮ್ಮ ಅದರಲ್ಲಿ ಮಗಳಿಗೆ ಮೇಲ್ ಕಳಿಸುವುದನ್ನು ಎರಡೇ ದಿನದಲ್ಲಿ ಕಲಿತು ಗಂಡನಿಗೆ ಆಜ್ಞೆ ಹೊರಡಿಸಿದರು: "ಇದನ್ನೇನಾದ್ರೂ ಬಿಚ್ಚಿದ್ರೆ, ಬದಲಾಯಿಸಿದ್ರೆ, ಊಟಕ್ಕೆ ಲೈನುಮನೆಗೆ ಹೋಗಿ."

ಮುಂದಿನ ಸಂತೆಗೆ ಸುಬ್ಬಣ್ಣನವರು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದರು: "ನೀವೇ ಗೆದ್ರಿ ಮೂರ್ತಿಗಳೇ. ನಮ್ಮನೇಲೂ ವಿಂಡೋಸೇ ಈಗ. ಚೆನ್ನಾಗೇ ಇದೆ ಮಾರಾಯ್ರೆ, ಸುಳ್ಳು ಯಾಕೆ ಹೇಳ್ಲಿ."

ಮಂಜಯ್ಯ ಕೊರಳಿನ ಟೇಪಿನ ಸಮೇತ ಓಡಿಬಂದು ಮೂರ್ತಿಗಳ ಕೈ ಕುಲುಕಿದ. ಮೂರ್ತಿಗಳು ಅಂದು ಹಿಗ್ಗಿದ್ದು ನಿಜ. ಗಿರಾಕಿಗಳಿಗೆಲ್ಲ ಹೇಳಿದರು, ಮನೆಗೆ ಹೋಗಿ ವಿಶಾಲಾಕ್ಷಮ್ಮನಿಗೆ ಎರಡು ಸಲ ಹೇಳಿದರು.

ಅದರ ಮುಂದಿನ ಸಂತೆಗೆ ಜೀಪು ನಿಂತಿತು, ಆದರೆ ಇಂಜಿನ್ ಆಫ್ ಆಗಲಿಲ್ಲ. "ಚೆನ್ನಾಗಿದ್ದೀರಾ?" ಎಂದು ಒಳಗಿಂದಲೇ ಕೇಳಿ ಹೊರಟಿತು. ಆಮೇಲಿನ ವಾರ ಹಾರ್ನು ಮಾತ್ರ. ಒಮ್ಮೆ ಮೂರ್ತಿಗಳೇ ರಸ್ತೆಗಿಳಿದು ಮೆಣಸಿನ ರೇಟಿನ ಮಾತೆತ್ತಿದರು. ಸುಬ್ಬಣ್ಣನವರು ಹೌದು ಅಂದರು. ರಸ್ತೆಯ ಹೊಂಡದ ಮಾತೆತ್ತಿದರು, ಅದಕ್ಕೂ ಹೌದು. ಎಲ್ಲದಕ್ಕೂ ಹೌದು ಅನ್ನುವವನ ಜೊತೆ ಎಷ್ಟು ಹೊತ್ತು ಮಾತಾಡಲಾದೀತು? ಅಂಗಡಿಯ ಸ್ಟೂಲಿನ ಮೇಲೆ ಕೊಡೆಗಳನ್ನು ಪೇರಿಸಿಡುವುದಾಯಿತು.

ಓಂಕಾರಮೂರ್ತಿಗಳಿಗೆ ಊಟ ಸೇರಲಿಲ್ಲ. ಅಂಗಡಿಗೆ ಜನ ಬರುತ್ತಿದ್ದರು, ಕಂಬಳಿ ಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಸಮಕ್ಕೆ ಕೂತು ಮಾತಾಡುವವರು, ಮಾತಿಗೆ ಮಾತು ಕೊಟ್ಟು ಕೆಣಕುವವರು ಈ ಊರಿನಲ್ಲಿ ತಮಗೆ ಒಬ್ಬರೇ ಇದ್ದರು ಎಂಬುದು ಅವರಿಗೆ ಐವತ್ತು ದಾಟಿದ ಮೇಲೆ, ಅದೂ ಗೆದ್ದ ಮೇಲೆ ತಿಳಿಯಿತು.

"ಫೋನ್ ಮಾಡಿ ಬನ್ನಿ ಅನ್ರೀ, ಅದಕ್ಕೇನು," ಎಂದರು ವಿಶಾಲಾಕ್ಷಮ್ಮ.

"ಏನಂತ ಕರೀಲೇ? ಸುಮ್ನೆ ಬನ್ನಿ ಅಂತ್ಲಾ?"

ಇಷ್ಟು ವರ್ಷದಲ್ಲಿ ಅವರು ಸುಬ್ಬಣ್ಣನವರನ್ನು ಬನ್ನಿ ಎಂದು ಕರೆದದ್ದೇ ಇರಲಿಲ್ಲ. ಕರೆಯಲು ನಾಲಗೆ ಏಳಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಮೂಡಿಗೆರೆಗೆ ಹೋಗಿ, ಪೇಪರ್ ಅಂಗಡಿಯಲ್ಲಿ ಸಿಡಿ ಇರುವ ಕಂಪ್ಯೂಟರ್ ಪತ್ರಿಕೆಯೊಂದನ್ನು ಕೊಂಡು, ಯಾರೂ ಕಾಣದ ಹಾಗೆ ಸುತ್ತಿಸಿಕೊಂಡು ಬಂದರು.

ಮಾರನೆಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಸಿಡಿ ಹಾಕಿದರು. ಪರದೆ ಒಂದರ ಹಿಂದೊಂದು ಪ್ರಶ್ನೆ ಕೇಳಿತು. ಯಾವುದೂ ಪರಿಚಯದ್ದಲ್ಲ. ಜೀವಮಾನವಿಡೀ ಬೇಡ ಎಂದು ಒತ್ತಿದ ಆ ಬೆರಳು ಅಂದು ಪ್ರತಿಯೊಂದಕ್ಕೂ ಆಗಲಿ ಎಂದು ಒತ್ತಿತು. ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಕೇಳಿದ್ದಕ್ಕೂ ಆಗಲಿ ಅಂದರು. ಸಂಜೆಗೆ ಲಿನಕ್ಸ್ ಬಂತು. ಇಷ್ಟು ವರ್ಷ ಕೂಡಿಟ್ಟ ಲಗ್ನಪತ್ರಿಕೆಗಳ ಮಾದರಿಗಳೆಲ್ಲ ಹೋದವು. ಕನ್ನಡ ಅಕ್ಷರ ಮೂಡಲಿಲ್ಲ, ಪ್ರಿಂಟರು ಅಲುಗಲಿಲ್ಲ. ಆದರೆ ಫೋನು ಮಾಡಲು ಈಗ ಒಂದು ಕಾರಣವಿತ್ತು.

"ಗೌಡ್ರೇ, ಲಿನಕ್ಸ್ ಹಾಕಿದ್ದೀನಿ. ಪ್ರಿಂಟರ್ ಕೆಲಸ ಮಾಡ್ತಿಲ್ಲ."

"ಯಾರು? ನೀವಾ?" ಎಂದರು ಸುಬ್ಬಣ್ಣನವರು.

ಸಂತೆಯ ದಿನವಲ್ಲದಿದ್ದರೂ ಮಾರನೆಯ ಬೆಳಿಗ್ಗೆ ಜೀಪು ಬಂತು. ಇಂಜಿನ್ ಆಫಾಯಿತು. ಸುಬ್ಬಣ್ಣನವರು ಪರದೆಯ ಮುಂದೆ ಬಗ್ಗಿ ಅಲ್ಲಿ ಇಲ್ಲಿ ತಡಕಿ, ಏನಾಗಿದೆ ಎಂದು ತಿಳಿದು ತಲೆಯ ಮೇಲೆ ಕೈಹೊತ್ತರು.

"ಎಲ್ಲ ಅಳಿಸಿಬಿಟ್ಟಿದ್ದೀರಲ್ಲ ಮಾರಾಯ್ರೆ! ನಿಮ್ಮ ಇಷ್ಟು ವರ್ಷದ ಕೆಲಸ! ಯಾಕೆ ಮಾಡಿದ್ರಿ ಹೀಗೆ?"

ಓಂಕಾರಮೂರ್ತಿಗಳು ಗಮ್‌ಬೂಟುಗಳ ಕಡೆ ನೋಡುತ್ತ ಹೇಳಿದರು: "ಗೆದ್ದು ಎಂತ ಮಾಡ್ಲಿ ಗೌಡ್ರೇ? ನೀವು ಬರೋದೇ ನಿಲ್ಸಿಬಿಟ್ರಲ್ಲ."

ಸುಬ್ಬಣ್ಣನವರು ಸ್ಟೂಲಿನ ಮೇಲಿನ ಕೊಡೆಗಳನ್ನು ಒಂದೊಂದಾಗಿ ಎತ್ತಿ ಬೀರುವಿಗೊರಗಿಸಿದರು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು, ಗಂಟಲು ಸರಿಮಾಡಿಕೊಂಡರು.

"ಏನೇ ಹೇಳಿ, ವಿಂಡೋಸಿನಲ್ಲಿ ಪ್ರಿಂಟರು ಹೀಗೆ ಸತಾಯಿಸಲ್ಲ."

"ಅದಕ್ಕೆ ಲಿನಕ್ಸ್ ಏನು ಮಾಡ್ಬೇಕು? ಪ್ರಿಂಟರ್ ಮಾಡಿದವನ ತಪ್ಪದು!" ಎಂದರು ಓಂಕಾರಮೂರ್ತಿಗಳು.

"ಲಿನಕ್ಸ್ ಹಾಕಿ ಒಂದು ದಿನ ಆಗಿಲ್ಲ, ನನಗೇ ಪಾಠ ಹೇಳ್ತೀರಾ?"

"ಹೇಳ್ತೀನಿ. ನೀವು ಹೆಂಡ್ತಿಗೆ ಹೆದರಿ ಪಕ್ಷ ಬಿಟ್ಟವರು!"

ಯಾರ ಕಡೆ ಸೇರಬೇಕೆಂದು ತಿಳಿಯದೆ ಮಂಜಯ್ಯ ಬಾಗಿಲಲ್ಲೇ ನಿಂತ. ವಿಶಾಲಾಕ್ಷಮ್ಮ ಮನೆಯಿಂದ ಕಾಫಿ ತಂದು ಇಬ್ಬರ ಮುಂದೂ ಇಟ್ಟರು; ಇಬ್ಬರೂ ನೋಡಲಿಲ್ಲ. ಸುಬ್ಬಣ್ಣನವರ ದನಿ ಬಸ್‌ಸ್ಟ್ಯಾಂಡಿನ ತನಕ ಕೇಳುವಷ್ಟು ಏರಿತು. ಓಂಕಾರಮೂರ್ತಿಗಳಿಗೆ ಕಣ್ಣು ತುಂಬಿ ಬಂತು. ಅದು ಕಾಣಿಸಬಾರದೆಂದು ಅವರು ಎದ್ದು ನಿಂತು ಇನ್ನೂ ಜೋರಾಗಿ ಬೈದರು.