ಅಪ್ಪ ಕೇಳಿದ ಎರಡು ಕೋಣೆಗಳು

ನಮ್ಮ ಅಪ್ಪ ಔರಾದ ತಹಸೀಲ್ ಕಚೇರಿಯಲ್ಲಿ ಪೇಶ್ಕಾರ. ಬರುವ ವರ್ಷ ತಾಲ್ಲೂಕಿಗೆ ಏನೇನು ಬೇಕೆಂದು ಅಂದಾಜುಪಟ್ಟಿ ಬರೆದು ಬೀದರಿಗೆ ಕಳಿಸುವುದು ಅವನ ಕೆಲಸ. ನಿಜಾಮರ ಕಾಲದಲ್ಲಿ ಅವನು ಕಲಿತ ಪಾಠ ಒಂದೇ: ಒಂದು ಬೇಕಿದ್ದರೆ ಎರಡು ಕೇಳು, ಮೇಲಿನವರು ಅರ್ಧ ಹೊಡೆದು ಹಾಕುತ್ತಾರೆ.

ನಾನಾಗ ಎಂಟು ವರ್ಷದ ಹಟಮಾರಿ. ಊರ ಸಾಲೆಗಿದ್ದದ್ದು ಬೀಳಲಿಕ್ಕಾದ ಒಂದೇ ಕೋಣೆ, ಅದರ ತುಂಬ ಗಂಡುಹುಡುಗರು. "ಹೆಣ್ಮಕ್ಕಳಿಗೆ ಬ್ಯಾರೆ ಕೋಣಿ ಆಗ್ಲಿ, ಕಳಸ್ತೇನಿ" ಎಂದು ಅಪ್ಪ ನನ್ನ ಬಾಯಿ ಮುಚ್ಚಿಸಿದ್ದ. ಅಂಥ ಕೋಣೆ ಎಂದೂ ಆಗಲಿಕ್ಕಿಲ್ಲ ಎಂಬ ಧೈರ್ಯ ಅವನಿಗೆ. ನಾನು ಸಾಲೆಯ ಕಿಟಕಿಯ ಹೊರಗೆ ನಿಂತು, ಸಿಟ್ಟಿನಿಂದಲೇ ಅಕ್ಷರ ಕಲಿತೆ.

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಹೋಗಿ ಆಗಲೇ ಮೂರು ವರ್ಷ ದಾಟಿತ್ತು. ಹೈದರಾಬಾದಿನಲ್ಲಿ ಜನ ಆರಿಸಿದ ಸಭೆ ಕೂತು ಹೊಸ ಕಾನೂನು ಮಾಡಿತು: ಬೇಕಾದಷ್ಟೇ ಕೇಳಬೇಕು, ಕೇಳಿದ್ದಕ್ಕೆ ಕತ್ತರಿಯಿಲ್ಲ. ವರ್ಷದ ಕೊನೆಗೆ ಏನು ಬಳಕೆಯಾಯಿತೆಂದು ವರದಿ ಕೊಡಬೇಕು. ಸುಳ್ಳು ಬರೆದವನ ನೌಕರಿ ಹೋಗುತ್ತದೆ.

ಅಪ್ಪ ಓದಿ ನಕ್ಕ. "ಇಂಥಾವು ಭಾಳ ನೋಡೇನಿ" ಎಂದು, ಹಳೆ ಕೋಣೆಯ ಬದಲಿಗೆ ಒಂದು ಸಾಕಿದ್ದರೂ ತನ್ನ ರೂಢಿಯಂತೆ ಎರಡು ಕೋಣೆ ಬೇಕೆಂದು ಬರೆದ. ಎರಡೂ ಮಂಜೂರಾದವು!

ಎರಡೂ ಎದ್ದು ನಿಂತವು. ದೊಡ್ಡ ಕೋಣೆಗಳು, ಹುಡುಗರೆಲ್ಲ ಒಂದರಲ್ಲೇ ಹಿಡಿಸಿದರು, ಇನ್ನೊಂದಕ್ಕೆ ಬೀಗ ಬಿತ್ತು. ವರದಿ ಕಳಿಸುವ ವಾರ ಬಂದಾಗ ಅಪ್ಪ ರೊಟ್ಟಿಯ ತಾಟು ಸರಿಸಿ ಅಂದ, "ಖಾಲಿ ಅದ ಅಂತ ಬರದ್ರ, ಯಾಕ ಕೇಳಿದಿ ಅಂತಾರ. ಹುಡುಗ್ರು ಕೂಡ್ತಾರ ಅಂದ್ರ ಸುಳ್ಳಾಗ್ತದ."

ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು, "ಹೆಣ್ಮಕ್ಕಳ ಕೋಣಿ ಅಂತ ಬರೀರಿ."

"ಒಬ್ಬಾಕಿನೂ ಬರಂಗಿಲ್ಲ. ಅದೂ ಸುಳ್ಳೇ."

"ಹಂಗಾದ್ರ ಖರೇ ಮಾಡ್ರಿ. ಪೇಶ್ಕಾರರ ಮಗಳೇ ಕುಂತ್ರ ಉಳದವ್ರು ಬರ್ತಾರ."

ಅಪ್ಪ ನನ್ನ ಕಡೆ ನೋಡಿದ. "ಕೋಣಿ ಆಗೇದಲ್ಲಪ್ಪಾ" ಎಂದೆ. ನನಗೆ ನಗು ತಡೆಯಲಾಗಲಿಲ್ಲ.

ಮರುದಿನ ಮುಂಜಾನೆ ಅಪ್ಪನೇ ನನ್ನ ಕೈಹಿಡಿದು ಹೋಗಿ ಬೀಗ ತೆಗೆದ. ಅವ್ವ ಮನೆಮನೆ ತಿರುಗಿದಳು. ಎರಡೇ ದಿನಕ್ಕೆ ಒಂಬತ್ತು ಹುಡುಗಿಯರು ಕೂತೆವು. ಎಂಥ ಗದ್ದಲ ಅದು, ಎಂಥ ಖುಷಿ! ಮಾಸ್ತರರು ಎರಡೂ ಕೋಣೆಗೆ ಓಡಾಡಿ ಸುಸ್ತಾದರು.

ವರದಿಯ ಜೊತೆ ಮಕ್ಕಳ ಹೆಸರು ಕಳಿಸಬೇಕಿತ್ತು. ಅಪ್ಪ ಲೇಖನಿ ಎತ್ತಿಕೊಂಡಾಗ ನಾನು ಅದನ್ನು ಇಸಿದುಕೊಂಡು ನನ್ನ ಹೆಸರನ್ನು ನಾನೇ ಬರೆದೆ. ಅವನು ಗಾಬರಿಯಾದ.

"ಎರಡ ದಿನದಾಗ ಹ್ಯಾಂಗ ಕಲ್ತಿ?"

"ಕಿಟಕ್ಯಾಗ ನಿಂತು. ಎರಡ ವರ್ಷ ಆತು."

ಅಪ್ಪ ಆ ಹೆಸರಿನ ಶಾಯಿಯನ್ನು ಊದಿ ಒಣಗಿಸಿದ. ಆಮೇಲೆ ಮುಂದಿನ ವರ್ಷದ ಪಟ್ಟಿ ತೆಗೆದು, ಹೆಣ್ಣುಮಕ್ಕಳಿಗೆ ಮಾಸ್ತರಬಾಯಿ ಬೇಕೆಂದು ಬರೆದ. ಒಬ್ಬರು ಬೇಕಿತ್ತು, ಒಬ್ಬರನ್ನೇ ಕೇಳಿದ.